ಕೈ ಕಟ್ಟಿ ಕೂತ ಹುಡುಗ

ನಮ್ಮ ಆಫೀಸಿನ ಇಂಟರ್‌ವ್ಯೂ ಫಾರಂನಲ್ಲಿ ‘ಬಾಡಿ ಲ್ಯಾಂಗ್ವೇಜ್’ ಅಂತ ಒಂದು ಕಾಲಂ ಇದೆ. ಐದಕ್ಕೆ ಎಷ್ಟು ಅಂತ ಬರೀಬೇಕು. ಹೋದ ವರ್ಷ ಒಬ್ಬ ಹುಡುಗನಿಗೆ ನಾನು ಎರಡು ಕೊಟ್ಟೆ. ಕೇಳಿದ್ದಕ್ಕೆಲ್ಲ ಸರಿಯಾಗೇ ಉತ್ತರ ಹೇಳಿದ್ದ. ಆದರೆ ಮುಕ್ಕಾಲು ಗಂಟೆ ಎದೆ ಮೇಲೆ ಎರಡೂ ಕೈ ಕಟ್ಟಿಕೊಂಡೇ ಕೂತಿದ್ದ, ಕಣ್ಣು ಟೇಬಲ್ ಮೇಲೆ. ಕೈ ಕಟ್ಟಿಕೊಂಡವನು ಮನಸ್ಸು ಬಿಚ್ಚಲ್ಲ, ಕಣ್ಣು ತಪ್ಪಿಸುವವನಿಗೆ ಧೈರ್ಯ ಇಲ್ಲ ಅಂತ ನಮಗೆ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದರು. ಅವನಿಗೆ ಕೆಲಸ ಸಿಗಲಿಲ್ಲ. ನಾನೂ ಮರೆತೆ.

ದೀಪಾವಳಿಗೆ ಭದ್ರಾವತಿಗೆ ಹೋಗಿದ್ದಾಗ, ಅಪ್ಪನ ಹಳೇ ಸೆಕ್ಷನ್ನಿನ ಆಫೀಸರೊಬ್ಬರು ಮನೆಗೆ ಬಂದರು. ಇಬ್ಬರೂ ರಿಟೈರ್ ಆಗಿ ಎಷ್ಟೋ ವರ್ಷ ಆಯ್ತು. ಆದರೂ ಅಪ್ಪ ಎದ್ದು ನಿಂತು ಕೈ ಕಟ್ಟಿಕೊಂಡರು. ‘ಕೂತ್ಕೊಳ್ರೀ, ನಿಮ್ಮನೇನೇ ಅಲ್ವಾ’ ಅಂತ ಅವರು ನಕ್ಕ ಮೇಲೆ ಕುರ್ಚಿಯ ತುದಿಯಲ್ಲಿ ಕೂತರು, ಕೈ ಕಟ್ಟಿಕೊಂಡೇ. ಕಣ್ಣು ನೆಲದ ಮೇಲೆ. ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನಗೆ ಆ ಹುಡುಗ ಕಂಡ.

ಅವನು ಮುಚ್ಚಿಕೊಂಡು ಕೂತಿರಲಿಲ್ಲ. ಮರ್ಯಾದೆ ಕೊಡ್ತಿದ್ದ. ನಾನು ಓದಿದ ಶಾಲೆಯಲ್ಲೂ ಮೇಷ್ಟ್ರು ಒಳಗೆ ಬಂದ ತಕ್ಷಣ ‘ಕೈ ಕಟ್ಟು, ಬಾಯಿ ಮುಚ್ಚು’. ದೊಡ್ಡವರ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದರೆ ‘ಏನು ದುರುಗುಟ್ಟಿ ನೋಡ್ತೀಯ’ ಅಂತ ಬೈಗುಳ. ಬೆಂಗಳೂರಿಗೆ ಬಂದು ನಾನೂ ಆ ಅಭ್ಯಾಸ ಬಿಡೋಕೆ ಎರಡು ವರ್ಷ ಒದ್ದಾಡಿದ್ದೆ. ಅದನ್ನೇ ಮರೆತು ಎರಡು ಅಂಕ ಹಾಕಿದ್ದೆ!

ಕನ್ನಡದಲ್ಲಿ ಕೈಯ ಕಥೆಯೇ ದೊಡ್ಡದು. ಸರ್ಕಾರ ಕೈ ಕಟ್ಟಿ ಕೂತಿದೆ ಅಂದರೆ ಏನೂ ಮಾಡ್ತಿಲ್ಲ ಅಂತ. ನನ್ನ ಕೈ ಕಟ್ಟಿಹಾಕಿದ್ದಾರೆ ಅಂದರೆ ಮಾಡೋಕೆ ಬಿಡ್ತಿಲ್ಲ ಅಂತ. ತರಗತಿಯಲ್ಲಿ ಕೈ ಎತ್ತಿದವನಿಗೆ ಉತ್ತರ ಗೊತ್ತು, ವ್ಯವಹಾರದಲ್ಲಿ ಕೈ ಎತ್ತಿದವನ ಹತ್ತಿರ ದುಡ್ಡಿಲ್ಲ, ಇನ್ನೊಬ್ಬರ ಮೇಲೆ ಕೈ ಎತ್ತಿದರೆ ಪೊಲೀಸ್ ಕೇಸು. ಯಾರು, ಎಲ್ಲಿ, ಯಾರ ಮುಂದೆ ಅಂತ ಗೊತ್ತಿಲ್ಲದೆ ಬರೀ ಕೈ ನೋಡಿದರೆ ಏನು ತಿಳಿಯುತ್ತೆ?

‘ದೇಹಭಾಷೆ’ ಇಂಗ್ಲಿಷ್ ನೋಡಿ ಮಾಡಿಕೊಂಡ ಪದ. ಹಾವಭಾವ, ಸನ್ನೆ, ಇಂಗಿತ ಅದಕ್ಕಿಂತ ಹಳೇವು. ಇಂಗಿತ ಅಂದರೆ ಮೂಲದಲ್ಲಿ ಮೈಯ ಅಲುಗಾಟ, ಒಳಗಿನದ್ದನ್ನು ಬಿಟ್ಟುಕೊಡುವ ಚಲನೆ. (ಈಗ ರಾಜಕಾರಣಿಗಳು ಮೈಕ್ ಮುಂದೆ ಬಾಯಿಬಿಟ್ಟೇ ‘ಇಂಗಿತ ವ್ಯಕ್ತಪಡಿಸುತ್ತಾರೆ’, ಅದು ಬೇರೆ ಮಾತು.) ಸನ್ನೆ ಹಾಗಲ್ಲ. ಅದು ಮಾಡುವವನಿಗೂ ನೋಡುವವನಿಗೂ ಮೊದಲೇ ಗೊತ್ತಿರಬೇಕು. ಇಂಗಿತವನ್ನು ಮಾತ್ರ ನೋಡುವವನು ಊಹಿಸಿಕೊಳ್ಳಬೇಕು.

ನಮ್ಮ ಟ್ರೈನಿಂಗ್‌ನಲ್ಲಿ ಊಹೆಗೂ ಲೆಕ್ಕ ಕೊಟ್ಟಿದ್ದರು. ಮಾತಿಗೆ 7 ಪರ್ಸೆಂಟ್, ದನಿಗೆ 38, ಮುಖ-ಮೈಗೆ 55. ನೀವೂ ಆ ಸ್ಲೈಡ್ ನೋಡಿರ್ತೀರಿ. ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳ ಅಂಕಿ ಅದು. ಆದರೆ ಅಲ್ಲಿ ಇದ್ದದ್ದು ಬಿಡಿ ಪದಗಳು, ದನಿ, ಮುಖದ ಫೋಟೋಗಳು. ಕೇಳಿದ ಪ್ರಶ್ನೆ ಇಷ್ಟಪಡ್ತಿದ್ದಾರಾ ಇಲ್ಲವಾ ಅನ್ನೋದು. ಎಲ್ಲ ಮಾತುಕತೆಗೂ ಇದು ಹೊಂದಲ್ಲ ಅಂತ ಅವರೇ ಹೇಳಿದ್ದಾರೆ. ಇದನ್ನು ನಾನು ಹುಡುಕಿ ಓದಿದ್ದು ಮಾತ್ರ ಆ ಹುಡುಗನನ್ನು ವಾಪಸ್ ಕಳಿಸಿದ ಮೇಲೆ.

ಆಫೀಸರು ಹೋದ ಮೇಲೆ ಅಪ್ಪ ಕಾಲು ಚಾಚಿ ಕೂತರು. ನಮ್ಮೂರ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದದ್ದು. ಅಪ್ಪ ಅಲ್ಲಿ ಕ್ರೇನ್ ಕೆಳಗೆ ನಿಂತು ಸನ್ನೆ ಕೊಡ್ತಿದ್ದರು. ಆ ಸದ್ದಿನಲ್ಲಿ ಪಕ್ಕದವನು ಕೂಗಿದರೂ ಕೇಳಿಸಲ್ಲ. ತೋರುಬೆರಳು ಮೇಲೆ ಮಾಡಿ ಸುತ್ತಿದರೆ ಎತ್ತು, ಕೆಳಗೆ ಮಾಡಿ ಸುತ್ತಿದರೆ ಇಳಿಸು. ಮನೆಯಲ್ಲೂ ಅನ್ನ ಬಡಿಸುವಾಗ ಅದೇ ಬೆರಳು. ಅಮ್ಮನಿಗೆ ಅಭ್ಯಾಸ ಆಗಿಹೋಗಿತ್ತು.

‘ಮೇಲಿರೋ ಆಪರೇಟರ್‌ಗೆ ಸನ್ನೆ ಅರ್ಥ ಆಗ್ದಿದ್ರೆ ಏನ್ಮಾಡ್ತಿದ್ರು ಅಪ್ಪಾ?’

‘ಏನ್ಮಾಡ್ತಾರೆ? ನಿಲ್ಲಿಸ್ತಿದ್ರು. ಟನ್‌ಗಟ್ಲೆ ಕಬ್ಬಿಣ ನೇತಾಡ್ತಿರುತ್ತೆ, ಅಂದಾಜಿನ ಮೇಲೆ ಇಳಿಸೋಕಾಗುತ್ತಾ? ಮತ್ತೆ ಕೇಳೋರು.’

ನಾನು ಕೇಳಿರಲಿಲ್ಲ. ‘ಆರಾಮಾಗಿ ಕೂತ್ಕೊಳ್ಳಪ್ಪ, ಯಾವೂರು’ ಅಂತ ಒಂದು ಮಾತು ಸಾಕಿತ್ತು. ಅಪ್ಪನಿಗೆ ಆ ಹುಡುಗನ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

‘ಕೆಲಸ ಬರ್ತಿತ್ತೇನಮ್ಮಾ ಅವನಿಗೆ?’

‘ಬರ್ತಿತ್ತು.’

ಅಪ್ಪ ಏನೂ ಅನ್ನಲಿಲ್ಲ. ಬೆಳಿಗ್ಗೆಯೇ ಓದಿ ಮುಗಿಸಿದ್ದ ಪೇಪರನ್ನು ಮತ್ತೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು.