ಅಲ್ಟಮಾಹಾ ತೀರದ ಹೂಗಿಡ

ಹುಟ್ಟಿದ ಕಾಡಿನಲ್ಲಿ ನಿರ್ವಂಶವಾಗಿ, ಮನುಷ್ಯರ ತೋಟಗಳಲ್ಲಿ ಮಾತ್ರ ಬಾಳಿಕೊಂಡು ಬಂದಿರುವ ಗಿಡಗಳಲ್ಲಿ ಫ್ರಾಂಕ್ಲಿನಿಯಾದಷ್ಟು ನನ್ನ ಮನಸ್ಸನ್ನು ಸೆರೆಹಿಡಿದುದು ಮತ್ತೊಂದಿಲ್ಲ. 1765ರ ಅಕ್ಟೋಬರ್ ತಿಂಗಳಲ್ಲಿ, ಅಮೆರಿಕದ ಜಾರ್ಜಿಯಾ ಪ್ರಾಂತದ ಅಲ್ಟಮಾಹಾ ನದಿಯ ಬಳಿ ದಾರಿತಪ್ಪಿ ಅಲೆಯುತ್ತಿದ್ದ ಸಸ್ಯಾನ್ವೇಷಕ ಜಾನ್ ಬಾರ್ಟ್ರಮ್ ಹಾಗೂ ಅವನ ಮಗ ವಿಲಿಯಂ ಅದನ್ನು ಮೊದಲು ಕಂಡರು. ಹೂವಿನ ಋತು ಕಳೆದಿದ್ದುದರಿಂದ ಅದು ಯಾವ ಕುಲಕ್ಕೆ ಸೇರಿದುದೆಂದು ನಿರ್ಣಯಿಸಲಾರದೆ ಮುಂದೆ ನಡೆದರು.

ವರ್ಷಗಳ ತರುವಾಯ ವಿಲಿಯಂ ಒಬ್ಬನೇ ಅಲ್ಲಿಗೆ ಮರಳಿದಾಗ ಗಿಡ ಪೂರ್ಣವಾಗಿ ಅರಳಿ ನಿಂತಿತ್ತು. ಆಶ್ಚರ್ಯವೆಂದರೆ, ಮಾಗಿದ ಕಾಯಿಗಳೂ ಆಗಲೇ ದೊರೆತುವು. ಅದರ ಕಾಯಿ ಬಲಿಯುವುದಕ್ಕೆ ಒಂದು ಸಂವತ್ಸರಕ್ಕಿಂತ ಅಧಿಕ ಕಾಲ ಹಿಡಿಯುವುದರಿಂದ, ಹಿಂದಿನ ವರ್ಷದ ಫಲವೂ ಈ ವರ್ಷದ ಕುಸುಮವೂ ಒಂದೇ ಗಿಡದಲ್ಲಿ ಕೂಡಿರುತ್ತವೆ. ಪ್ರಕೃತಿಯ ಈ ನಿಧಾನವೇ ಆ ವಂಶವನ್ನು ಉಳಿಸಿತೆಂದು ನಾನು ನಂಬುತ್ತೇನೆ: ಹೂವನ್ನು ನೋಡಬಂದವನ ಕೈಗೆ ಬೀಜವೂ ಸಿಕ್ಕಿತು. ಆ ಬೀಜಗಳು ಫಿಲಡೆಲ್ಫಿಯಾದ ತಂದೆಯ ತೋಟವನ್ನು ಸೇರಿ ಮೊಳೆತವು. 1777ರಲ್ಲಿ ಜಾನ್ ತೀರಿಕೊಂಡ, 1781ರಲ್ಲಿ ಅವನ ತೋಟದಲ್ಲಿ ಗಿಡ ಹೂಬಿಟ್ಟಿತು. ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರು ಅದಕ್ಕೆ ಅಚ್ಚಿನಲ್ಲಿ ದೊರೆತುದು 1785ರಲ್ಲಿ.

ಚಹಾ ಗಿಡಕ್ಕೆ ಇದು ಕುಲಬಂಧು. ಚಿಕ್ಕಮಗಳೂರಿನ ಚಹಾ ತೋಟಗಳಲ್ಲಿ, ಎಲೆ ಕೀಳದೆ ಬಿಟ್ಟ ಗಿಡದ ಪುಟ್ಟ ಬಿಳಿಯ ಹೂವನ್ನೂ ಅದರ ನಡುವಣ ಹಳದಿ ಕೇಸರಗಳನ್ನೂ ಕಂಡವರು, ಅದನ್ನೇ ಮೂರು ಅಂಗುಲದಗಲಕ್ಕೆ ಹಿಗ್ಗಿಸಿ ಊಹಿಸಿಕೊಳ್ಳಬಹುದು. ಬೇಸಗೆಯ ಕೊನೆಯಲ್ಲಿ, ಬಹುತೇಕ ಮರಗಳು ಹೂವನ್ನು ಮುಗಿಸಿದ ಮೇಲೆ, ಇದು ಅರಳತೊಡಗುತ್ತದೆ. ಶರತ್ಕಾಲದಲ್ಲಿ ಎಲೆಗಳು ಕೆಂಪೇರುತ್ತಿರುವಾಗಲೂ ಕೆಲವು ಶ್ವೇತಪುಷ್ಪಗಳು ಉಳಿದಿರುವುದುಂಟು.

ಕಾಡಿನಲ್ಲಿ ಅದನ್ನು ಕಡೆಯದಾಗಿ ಕಂಡವನು ಜಾನ್ ಲಯನ್, 1803ರಲ್ಲಿ. ಆ ಮೇಲೆ ಎಷ್ಟು ಅರಸಿದರೂ ಸಿಗಲಿಲ್ಲ. ಸಸ್ಯವ್ಯಾಪಾರಿಗಳು ಬುಡಸಹಿತ ಕಿತ್ತೊಯ್ದರೆಂದು ಕೆಲವರು, ಹತ್ತಿಯ ಹೊಲಗಳಿಂದ ಬಂದ ಬೇರುರೋಗವೆಂದು ಕೆಲವರು, ನೆರೆ ಅಥವಾ ಬೆಂಕಿಯೆಂದು ಮತ್ತೆ ಕೆಲವರು ಹೇಳುತ್ತಾರೆ. ತೋಟಗಾರಿಕೆಯನ್ನು ಕಾಡಿನ ಲೂಟಿಯೆಂದೇ ಹಳಿಯುವವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಬೇರನ್ನು ಕಿತ್ತವನನ್ನೂ ಬೀಜವನ್ನು ಆಯ್ದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಒಪ್ಪಿಗೆಯಾಗದು. ಇಂದು ಲೋಕದಲ್ಲಿರುವ ಫ್ರಾಂಕ್ಲಿನಿಯಾಗಳೆಲ್ಲವೂ ಬಾರ್ಟ್ರಮ್ಮರ ತೋಟದ ಸಂತತಿಯೆಂದೇ ತಿಳಿದವರ ಅಭಿಪ್ರಾಯ. ಅವನ್ನು ಸಾಕುವುದೂ ಸುಲಭವಲ್ಲ: ನದೀತೀರದಲ್ಲಿ ಹುಟ್ಟಿದುದಾದರೂ ಅದು ನಿಂತ ನೀರನ್ನು ಸಹಿಸದು, ನೆಲೆ ಬದಲಿಸಿದರೆ ಸೊರಗುತ್ತದೆ, ಬೇರುಕೊಳೆಗೆ ಬೇಗ ತುತ್ತಾಗುತ್ತದೆ, ಆದರೂ ಬಲ್ಲ ತೋಟಗಾರರು ಹುಳಿಮಣ್ಣನ್ನು ಹದಗೊಳಿಸಿ ಮತ್ತೆ ಮತ್ತೆ ನೆಡುತ್ತಲೇ ಇದ್ದಾರೆ.