ಯುದ್ಧಕಾಲದ ಛಾಯಾಚಿತ್ರಗಳು ಮತ್ತು ಹೆಸರಿನ ಪ್ರಶ್ನೆ

ಕಾಲ ನಮೂದಾಗದ ಶಾಸನವೊಂದು ಕೈಗೆ ಬಂದಾಗ ನಾವು ಮೊದಲು ನೋಡುವುದು ಲಿಪಿಯನ್ನು. ಪಾಠವೇನು ಹೇಳುತ್ತದೆ ಎಂಬುದು ಆಮೇಲಿನ ಮಾತು. ಅಕ್ಷರದ ತಲೆಕಟ್ಟು, ದುಂಡುತನ, ಸಾಲುಗಳ ಓಟ ಇವುಗಳಿಂದ ಶತಮಾನವನ್ನು ಅಂದಾಜು ಮಾಡಿ, ಆ ಬಳಿಕ ಒಳಗಿನ ಹೆಸರುಗಳತ್ತ ಹೋಗುತ್ತೇವೆ. ಹಲವು ವರ್ಷ ಎಂ.ಎ. ತರಗತಿಗಳಿಗೆ ಗ್ರಂಥಸಂಪಾದನೆಯನ್ನೂ ಶಾಸನಶಾಸ್ತ್ರವನ್ನೂ ಪಾಠ ಹೇಳಿದ ನನಗೆ ಹಳೆಯ ಯುದ್ಧಗಳ ಛಾಯಾಚಿತ್ರಗಳನ್ನು ನೋಡುವ ಹವ್ಯಾಸ ಅಂಟಿದಾಗ, ಅಲ್ಲಿಯೂ ಇದೇ ಕ್ರಮ ಸಲ್ಲುತ್ತದೆಂಬುದು ಬೇಗ ಮನದಟ್ಟಾಯಿತು. ಚಿತ್ರದ ಅಡಿಬರೆಹವನ್ನು ಕೊನೆಗೆ ಓದಬೇಕು. ಓಲೆಗರಿಯ ಪುಷ್ಪಿಕೆಯಂತೆ ಅದೂ ಬಹುಮಟ್ಟಿಗೆ ಬೇರೊಬ್ಬರ, ಬೇರೊಂದು ಕಾಲದ ಕೈಬರೆಹ.

ಇದಕ್ಕೆ ಅಮೆರಿಕದ ಅಂತರ್ಯುದ್ಧದ ಚಿತ್ರಗಳಿಗಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ಗೆಟಿಸ್‌ಬರ್ಗ್ ಕದನ ನಡೆದುದು 1863ರ ಜುಲೈ 1ರಿಂದ 3ರವರೆಗೆ. ಕದನ ಮುಗಿದ ಕೆಲವೇ ದಿನಗಳಲ್ಲಿ ಅಲೆಕ್ಸಾಂಡರ್ ಗಾರ್ಡ್ನರ್ ತನ್ನ ಸಹೋದ್ಯೋಗಿಗಳೊಡನೆ ಅಲ್ಲಿಗೆ ಹೋಗಿ, ಇನ್ನೂ ಮಣ್ಣಾಗದಿದ್ದ ಸೈನಿಕರ ಚಿತ್ರಗಳನ್ನು ತೆಗೆದ. 1866ರಲ್ಲಿ ಅವನು ಹೊರತಂದ ಸಂಪುಟದಲ್ಲಿ ಹೆಣಗಳು ಚದುರಿ ಬಿದ್ದ ಹೊಲದ ಎರಡು ಚಿತ್ರಗಳು ಒಂದರ ಬಳಿಕ ಒಂದಾಗಿ ಬರುತ್ತವೆ. ಒಂದರ ಬರೆಹ ಸತ್ತವರನ್ನು ದಕ್ಷಿಣದ ಬಂಡುಕೋರರೆಂದು ಕರೆಯುತ್ತದೆ. ಇನ್ನೊಂದರದು ಒಕ್ಕೂಟಕ್ಕಾಗಿ ಮಡಿದ ವೀರರೆಂದು ಹೊಗಳುತ್ತದೆ. ನೂರು ವರ್ಷಗಳಿಗೂ ಮೀರಿದ ಮೇಲೆ ವಿಲಿಯಂ ಫ್ರಾಸನಿಟೊ ಎಂಬ ಸಂಶೋಧಕ ಎರಡನ್ನೂ ಅಕ್ಕಪಕ್ಕ ಇಟ್ಟು, ಕೈಕಾಲುಗಳ ಭಂಗಿಗಳನ್ನು ಒಂದೊಂದಾಗಿ ಹೋಲಿಸಿ, ಅವು ಅದೇ ಹೆಣಗಳ ಚಿತ್ರಗಳು, ಎದುರುಬದುರು ದಿಕ್ಕಿನಿಂದ ತೆಗೆದವು ಎಂಬುದನ್ನು ತೋರಿಸಿದ. ಒಬ್ಬನೇ ಮನುಷ್ಯ ಒಂದು ಪುಟದಲ್ಲಿ ದ್ರೋಹಿ, ಮುಂದಿನ ಪುಟದಲ್ಲಿ ಹುತಾತ್ಮ! ಪಾಠಾಂತರಗಳ ಬಗ್ಗೆ ನಾವು ತರಗತಿಯಲ್ಲಿ ಹೇಳುವ ಯಾವ ಮಾತೂ ಇದರಷ್ಟು ಚುಚ್ಚುವುದಿಲ್ಲ.

ಅದೇ ಸಂಪುಟದಲ್ಲಿ ಬಂಡೆಗಳ ನಡುವಿನ ಮರೆಯಲ್ಲಿ ಸತ್ತು ಬಿದ್ದ ಗುರಿಕಾರನೊಬ್ಬನ ಪ್ರಸಿದ್ಧ ಚಿತ್ರವಿದೆ. 1961ರಲ್ಲಿ ಫ್ರೆಡರಿಕ್ ರೇ ಎಂಬಾತ, ಇದೇ ದೇಹ ಬೇರೊಂದು ಜಾಗದ ಚಿತ್ರಗಳಲ್ಲಿಯೂ ಇರುವುದನ್ನು ಕಂಡುಹಿಡಿದ. ಫ್ರಾಸನಿಟೊ 1975ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಆ ಬಂಡೆಗಳನ್ನು ಸ್ಥಳದಲ್ಲಿಯೇ ಗುರುತಿಸಿ, ಛಾಯಾಗ್ರಾಹಕರು ಹೆಣವನ್ನು ಹೊತ್ತು ತಂದು ಅಲ್ಲಿ ಮಲಗಿಸಿದ್ದರೆಂದು ಸ್ಥಾಪಿಸಿದ. ಗೋಡೆಗೆ ಆನಿಸಿಟ್ಟ ಬಂದೂಕು ಸಹ ಗುರಿಕಾರರು ಬಳಸುವ ಬಗೆಯದಲ್ಲ. ಆ ಹುಡುಗ ಬಹುಶಃ ಸಾಧಾರಣ ಕಾಲಾಳು. ಅವನಿಗೊಂದು ವೃತ್ತಿಯನ್ನು, ಒಂದು ಮರಣಸ್ಥಳವನ್ನು, ಸಾಲದೆಂಬಂತೆ ಒಂದು ಆಯುಧವನ್ನೂ ಕೊಟ್ಟರು. ಹೆಸರನ್ನು ಮಾತ್ರ ಯಾರೂ ಕೊಡಲಿಲ್ಲ.

ಸೈನಿಕ ವಾಹನಗಳ ವಿಚಾರ ಇಷ್ಟು ತೊಡಕಿನದಲ್ಲ. ವಾಹನಕ್ಕೆ ತಯಾರಿಕೆಯ ಚರಿತ್ರೆಯಿದೆ. ಆದ್ದರಿಂದ ಅದು ಚಿತ್ರದೊಳಗಿನ ಲಿಪಿ. 85 ಮಿ.ಮೀ. ತೋಪಿನ ಸೋವಿಯತ್ ಟಿ-34 ಟ್ಯಾಂಕು ರಣರಂಗಕ್ಕೆ ಬಂದುದು 1944ರಲ್ಲಿ. 1943ರ ಕುರ್ಸ್ಕ್ ಕದನದ್ದೆಂದು ಅಚ್ಚಾದ ಚಿತ್ರದಲ್ಲಿ ಅದು ಕಂಡರೆ ಅಡಿಬರೆಹವನ್ನು ತಳ್ಳಿಹಾಕಬಹುದು. ನಮ್ಮಲ್ಲಿ 1965ರ ಅಸಲ್ ಉತ್ತರ್ ಕದನದಲ್ಲಿ ಸೆರೆಸಿಕ್ಕ ಟ್ಯಾಂಕುಗಳನ್ನೆಲ್ಲ ಪತ್ರಿಕೆಗಳು 'ಪ್ಯಾಟನ್' ಎಂಬ ಒಂದೇ ಮಾತಿನಲ್ಲಿ ಕರೆದವು. ಆದರೆ ಮುಂಭಾಗ ಚಪ್ಪಟೆಯಾಗಿದ್ದರೆ ಅದು ಎಂ-47, ದೋಣಿಯ ಮೂತಿಯಂತೆ ದುಂಡಾಗಿದ್ದರೆ ಎಂ-48. ಮೊದಲನೆಯದರಲ್ಲಿ ಐವರು, ಎರಡನೆಯದರಲ್ಲಿ ನಾಲ್ವರು ಕೂರುತ್ತಿದ್ದರು. ಸುಟ್ಟ ಟ್ಯಾಂಕಿನ ಚಿತ್ರವನ್ನು ನೋಡುವವನಿಗೆ ಇದು ಬರಿಯ ಯಂತ್ರವಿವರವಲ್ಲ, ಒಳಗಿದ್ದ ಜೀವಗಳ ಎಣಿಕೆ.

ಮನುಷ್ಯನ ಮುಖಕ್ಕೆ ಇಂತಹ ಮಾದರಿಸಂಖ್ಯೆಯಿಲ್ಲ. ಇಲ್ಲಿ ನನಗೆ ನಮ್ಮ ವೀರಗಲ್ಲುಗಳು ನೆನಪಾಗುತ್ತವೆ. ವೀರಗಲ್ಲಿನ ಶಿಲ್ಪ ಭಾವಚಿತ್ರವಲ್ಲ. ಕೆಳಪಟ್ಟಿಕೆಯ ಕಾದಾಟ, ನಡುವಣ ದೇವಾಂಗನೆಯರು, ಮೇಲಿನ ಶಿವಸಾನ್ನಿಧ್ಯ ಎಲ್ಲವೂ ರೂಢಿಗತ. ಸತ್ತವನನ್ನು ಸತ್ತವನನ್ನಾಗಿ ಉಳಿಸುವುದು ಅಕ್ಷರ. ಆತಕೂರಿನ ಹತ್ತನೆಯ ಶತಮಾನದ ಕಲ್ಲು ಹಂದಿಯೊಡನೆ ಹೋರಾಡಿ ಮಡಿದ ನಾಯಿಯ ಹೆಸರನ್ನು ಕೂಡ ಉಳಿಸಿದೆ: ಕಾಳಿ. ಛಾಯಾಚಿತ್ರ ಇದಕ್ಕೆ ತಲೆಕೆಳಗು. ಅದು ಬಿಚ್ಚಿದ ಗುಂಡಿಯನ್ನೂ ಹರಿದ ಕಾಲುಚೀಲವನ್ನೂ ಬಿಡದೆ ದಾಖಲಿಸುತ್ತದೆ, ಹೆಸರನ್ನು ಹೇಳುವುದಿಲ್ಲ. ಸಾವಿರ ವರ್ಷದ ಹಿಂದಿನ ನಾಯಿ ನಮಗೆ ಗೊತ್ತು, ನೂರಾರವತ್ತು ವರ್ಷದ ಹಿಂದಿನ ಹುಡುಗ ಗೊತ್ತಿಲ್ಲ.

ಗೆಟಿಸ್‌ಬರ್ಗ್‌ನಲ್ಲಿಯೇ ಇದಕ್ಕೆ ಅಪವಾದವೊಂದು ಸಂಭವಿಸಿತು. ಗುರುತು ಸಿಗದ ಸೈನಿಕನೊಬ್ಬ ಮೂವರು ಮಕ್ಕಳ ಗಾಜಿನ ಚಿತ್ರವೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಸತ್ತಿದ್ದ. ಆ ಚಿತ್ರ ಫಿಲಡೆಲ್ಫಿಯಾದ ವೈದ್ಯ ಜಾನ್ ಬರ್ನ್ಸ್ ಎಂಬವರಿಗೆ ದೊರೆಯಿತು. ಛಾಯಾಚಿತ್ರವನ್ನು ಪತ್ರಿಕೆಯಲ್ಲಿ ಅಚ್ಚುಹಾಕುವ ತಂತ್ರ ಆಗ ಇರಲಿಲ್ಲ. ಹಾಗಾಗಿ 1863ರ ಅಕ್ಟೋಬರ್ 19ರಂದು ಅಲ್ಲಿನ 'ಇನ್‌ಕ್ವೈರರ್' ಪತ್ರಿಕೆ ಚಿತ್ರವನ್ನು ಮಾತಿನಲ್ಲಿ ವರ್ಣಿಸಿ, ಈತ ಯಾರ ತಂದೆ ಎಂದು ಕೇಳಿತು. ಕಿರಿಯ ಮಗು ಎತ್ತರದ ಕುರ್ಚಿಯಲ್ಲಿ, ಎರಡು ಬದಿಯಲ್ಲಿ ಅಣ್ಣ ಮತ್ತು ಅಕ್ಕ; ದೊಡ್ಡ ಹುಡುಗನ ಅಂಗಿ, ಹುಡುಗಿಯ ಉಡುಪು ಒಂದೇ ಬಟ್ಟೆಯವು. ಬೇರೆ ಪತ್ರಿಕೆಗಳೂ ಇದನ್ನು ಎತ್ತಿ ಹಾಕಿದವು. ನ್ಯೂಯಾರ್ಕ್ ರಾಜ್ಯದ ಪೋರ್ಟ್‌ವಿಲ್ ಎಂಬ ಊರಿನಲ್ಲಿ ಫಿಲಿಂಡಾ ಹ್ಯೂಮಿಸ್ಟನ್ ಇದನ್ನು ಓದಿದಳು. ಅಂತಹ ಚಿತ್ರವನ್ನು ಗಂಡನಿಗೆ ಕಳಿಸಿದ್ದವಳು ಅವಳೇ. ಸತ್ತವನು 154ನೆಯ ನ್ಯೂಯಾರ್ಕ್ ದಳದ ಸಾರ್ಜೆಂಟ್ ಏಮಸ್ ಹ್ಯೂಮಿಸ್ಟನ್ ಎಂದು ಹೀಗೆ ತಿಳಿಯಿತು. ವರ್ಣನೆಯನ್ನು ಅಲಂಕಾರದ ಬಾಬತ್ತೆಂದು ಅಂಕ ಕೊಟ್ಟು ಮುಗಿಸುವ ನಮ್ಮ ಪರೀಕ್ಷಾಕ್ರಮಕ್ಕೆ ಈ ಅಂಗಿಯ ಬಟ್ಟೆಯನ್ನು ತೋರಿಸಬೇಕೆಂದು ನನಗೆ ಅನಿಸುವುದುಂಟು.

ತಪ್ಪು ಗುರುತು ಹೆಸರಿಲ್ಲದಿರುವುದಕ್ಕಿಂತ ಕೆಟ್ಟದ್ದು. ಅದರಲ್ಲಿ ಇಬ್ಬರಿಗೆ ಅನ್ಯಾಯವಾಗುತ್ತದೆ. 1945ರ ಫೆಬ್ರುವರಿ 23ರಂದು ಐವೊ ಜಿಮಾ ದ್ವೀಪದಲ್ಲಿ ಜೋ ರೋಸೆಂತಾಲ್ ತೆಗೆದ ಧ್ವಜಾರೋಹಣದ ಚಿತ್ರ ಎಲ್ಲರಿಗೂ ಗೊತ್ತು. ಕಂಬದ ಬುಡದಲ್ಲಿ ಬೆನ್ನು ತೋರಿಸಿ ಬಾಗಿದವನು ಹ್ಯಾನ್ಸನ್ ಎಂದು ಸೇನೆ ಘೋಷಿಸಿತು. ಹಾರ್ಲನ್ ಬ್ಲಾಕ್‌ನ ತಾಯಿ ಆ ಬೆನ್ನನ್ನು ಕಂಡೊಡನೆ ತನ್ನ ಮಗನದೆಂದಳು, ಯಾರೂ ಕಿವಿಗೊಡಲಿಲ್ಲ. 1947ರಲ್ಲಿ ಸೇನೆ ಅವಳ ಮಾತನ್ನು ಒಪ್ಪಿತು. ಹ್ಯಾನ್ಸನ್, ಬ್ಲಾಕ್ ಇಬ್ಬರೂ ಅಷ್ಟರಲ್ಲಿ ಅದೇ ದ್ವೀಪದಲ್ಲಿ ಸತ್ತವರು. ಅದೇ ಚಿತ್ರದ ಇನ್ನಿಬ್ಬರ ಹೆಸರುಗಳನ್ನು 2016 ಮತ್ತು 2019ರಲ್ಲಿ ತಿದ್ದಬೇಕಾಯಿತು. ಅದಕ್ಕೆ ಆಧಾರವಾದವು ಶಿರಸ್ತ್ರಾಣದ ಪಟ್ಟಿ, ಸೊಂಟಪಟ್ಟಿಯ ಸಲಕರಣೆ, ಒಂದು ಮದುವೆಯ ಉಂಗುರ.

ಈ ವಿಚಾರಗಳು ನನ್ನ ಮನೆಯ ಗೋಡೆಗೂ ಬಂದವು. ನನ್ನ ಅಜ್ಜಿಯ ತಮ್ಮ ಬೆಳಗಾವಿಯಲ್ಲಿ ಮರಾಠಾ ರೆಜಿಮೆಂಟು ಸೇರಿ, 1941ರ ಮಾರ್ಚಿಯಲ್ಲಿ ಎರಿಟ್ರಿಯಾದ ಕೆರೆನ್ ಕದನದಲ್ಲಿ ತೀರಿಕೊಂಡ. ಯುದ್ಧ ಮುಗಿದ ಮೇಲೆ ಅವನ ಜೊತೆಗಾರನೊಬ್ಬ ತಂದುಕೊಟ್ಟದ್ದೆನ್ನುವ ಚಿತ್ರದಲ್ಲಿ ಮೊಂಡುಮೂತಿಯ ಟ್ರಕ್ಕಿನ ಮುಂದೆ ನಾಲ್ವರು ಸಿಪಾಯಿಗಳು ನಿಂತಿದ್ದಾರೆ. ಎಡದಿಂದ ಎರಡನೆಯವನೇ ಅಜ್ಜಿಯ ತಮ್ಮ ಎಂಬುದು ಮನೆತನದ ನಂಬಿಕೆ. ಅವನ ಬೇರೆ ಚಿತ್ರವಿಲ್ಲ. ಹೋಲಿಸಲು ಎರಡನೆಯ ಪ್ರತಿಯೇ ಇಲ್ಲದ ಏಕೈಕ ಹಸ್ತಪ್ರತಿ. ಆದರೆ ಟ್ರಕ್ಕು ಇದೆ. ಅದರ ಮುಂಗಾಜು ಕೆಳಗಡೆ ಒಳಕ್ಕೆ ಓರೆಯಾಗಿದೆ. ಗಾಜಿನ ಹೊಳಪು ಶತ್ರುವಿಮಾನಕ್ಕೆ ಕಾಣದಿರಲೆಂದು ಮಾಡಿದ ಏರ್ಪಾಡು ಅದು. ಕೆನಡಾದಲ್ಲಿ ತಯಾರಾದ ಸೈನಿಕ ಟ್ರಕ್ಕುಗಳಿಗೆ ಈ ಬಗೆಯ ಮುಂಭಾಗ ಬಂದುದು 1941ರ ಕೊನೆಯಿಂದೀಚೆಗೆ. ಹಿಂದಿನವುಗಳ ಗಾಜು ನೆಟ್ಟಗೆ ನಿಂತಿರುತ್ತದೆ. ಮಾರ್ಚಿಯಲ್ಲಿ ಸತ್ತವನು ಆ ಟ್ರಕ್ಕಿನ ಮುಂದೆ ನಿಲ್ಲಲಾರ.

ಹೇಳುವುದೋ ಬಿಡುವುದೋ ಎಂದು ಬಹಳ ದಿನ ತೂಗಾಡಿದೆ. ಪ್ರತಿ ಪಿತೃಪಕ್ಷದಲ್ಲಿ ಆ ಚಿತ್ರಕ್ಕೆ ಹೂವಿಡುವ ಸೋದರತ್ತೆಗೆ ಎಂಬತ್ತು ದಾಟಿದೆ. ಕೊನೆಗೆ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಟ್ರಕ್ಕನ್ನಲ್ಲ, ಎರಡನೆಯವನನ್ನೇ ನೋಡಿದರು. "ಮಾಮಾ ಅಲ್ಲಂದ್ರ ಇಂವಾ ಯಾರ ಮನೀ ಮಗಾನೋ ತಮ್ಮಾ? ಇವನ ಮನ್ಯಾಗ ಹೂವು ಯಾರ ಇಡ್ತಾರ?" ಎಂದರು. ನನ್ನ ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಚಿತ್ರ ಗೋಡೆಯ ಮೇಲೆಯೇ ಇದೆ. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ, '1941ರ ಕೊನೆ ಅಥವಾ ಅನಂತರ, ನಾಲ್ವರು, ಹೆಸರು ತಿಳಿಯದು' ಎಂದು ಬರೆದಿದ್ದೇನೆ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ದಾಖಲೆಯಲ್ಲಿ, ಕೆರೆನ್‌ನಲ್ಲಿ ದಹನಸಂಸ್ಕಾರ ಹೊಂದಿದವರ ಸ್ಮಾರಕದ ಪಟ್ಟಿಯೊಳಗೆ ಅಜ್ಜಿಯ ತಮ್ಮನ ಹೆಸರೂ ಸೈನಿಕಸಂಖ್ಯೆಯೂ ಸಿಕ್ಕವು. ಅದನ್ನು ಬೇರೊಂದು ಹಾಳೆಯಲ್ಲಿ ಬರೆದುಕೊಟ್ಟೆ. ಅತ್ತೆ ಆ ಸಂಖ್ಯೆಯನ್ನು ಎರಡು ಸಲ ಓದಿಸಿಕೊಂಡು, ಹಾಳೆಗೂ ಒಂದು ಚೌಕಟ್ಟು ಹಾಕಿಸಿಕೊಂಡು ಬಾ ಎಂದು ಹಣ ಕೊಟ್ಟರು.