ಮುಂದಿನ ಬ್ರೇಕ್ ಮುಟ್ಟಬೇಡ

ನನ್ನ ಜೀವನದಲ್ಲಿ ನಾನು ಅತಿ ನಿಷ್ಠೆಯಿಂದ ಪಾಲಿಸಿದ ಉಪದೇಶವೆಂದರೆ ‘ಮುಂದಿನ ಬ್ರೇಕ್ ಮುಟ್ಟಬೇಡ’ ಎಂಬುದು. ಸುಳ್ಳು ಹೇಳಬೇಡ, ಸಾಲ ಮಾಡಬೇಡ ಇತ್ಯಾದಿಗಳೆಲ್ಲ ಆಗಾಗ ಕೈತಪ್ಪಿವೆ. ಇದೊಂದು ಮಾತ್ರ ಇಪ್ಪತ್ತೆರಡು ವರ್ಷ ತಪ್ಪಲಿಲ್ಲ. ಉಪದೇಶ ಮಾಡಿದವರು ಚಿಕ್ಕಪ್ಪ. ಜಾಗ, ತೀರ್ಥಹಳ್ಳಿಯ ಹೊರಗಿನ ಒಂದು ಮೈದಾನ. ಇಸವಿ 1990. ಗಾಡಿ, ಅವರ ಯೆಜ್ಡಿ ರೋಡ್‌ಕಿಂಗ್.

ಆ ಗಾಡಿಯ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಹುಟ್ಟಿದ್ದು. 1961ರಲ್ಲಿ ಜಾವಾ ಮಾಡುತ್ತ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಕಿಕ್ಕರ್ ಒದ್ದು ಗಾಡಿ ಶುರುವಾದ ಮೇಲೆ ಅದೇ ಕಿಕ್ಕರನ್ನು ಒಳಕ್ಕೆ ತಿರುಗಿಸಿ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುತ್ತಿತ್ತು. ಗೇರ್ ಒತ್ತಿದರೆ ಕ್ಲಚ್ಚು ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ಎರಡು ಸೈಲೆನ್ಸರಿನ ಸದ್ದು ತಿರುವಿನಾಚೆ ಇರುವಾಗಲೇ ಚಿಕ್ಕಮ್ಮ ಕಾಫಿಗೆ ನೀರಿಡುತ್ತಿದ್ದರು. ಗಾಡಿಯ ಹಿಂದೆ ಕೂತಾಗ ಬರುತ್ತಿದ್ದ ಆಯಿಲ್ ಸುಟ್ಟ ವಾಸನೆ, ಅಡಿಕೆ ತೋಟದ ತಗ್ಗಿಗೆ ಇಳಿಯುತ್ತಲೇ ಮೊಣಕಾಲಿಗೆ ತಾಗುತ್ತಿದ್ದ ತಣ್ಣನೆ ಗಾಳಿ, ಏರು ಹತ್ತಿದಾಗ ಮತ್ತೆ ಮುಖಕ್ಕೆ ಬಡಿಯುವ ಬಿಸಿಲು. ಕಾರಿನಲ್ಲಿ ಕೂತವನಿಗೆ ಊರು ಕಾಣುತ್ತದೆ, ಬೈಕಿನ ಮೇಲಿದ್ದವನಿಗೆ ಊರು ತಾಗುತ್ತದೆ. ನಾನು ಈ ಚಟಕ್ಕೆ ಬಿದ್ದದ್ದು ಹಾಗೆ.

ಹೀಗೆ ಪ್ರೀತಿಯಿಂದ ಶುರುವಾದ ವಿದ್ಯೆಯಲ್ಲಿ ಗುರುವನ್ನು ಅನುಮಾನಿಸುವುದು ಹೇಗೆ? ಚಿಕ್ಕಪ್ಪ ಒಂದು ಸಲವೂ ಬಿದ್ದವರಲ್ಲ. ಮಳೆಗಾಲದಲ್ಲಿ ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು, ಹಿಂದೆ ಚಿಕ್ಕಮ್ಮ, ಮುಂದೆ ಟ್ಯಾಂಕಿನ ಮೇಲೆ ಮಗ, ಪಕ್ಕಕ್ಕೆ ಹಲಸಿನಹಣ್ಣು ಕಟ್ಟಿಕೊಂಡು ಇಳಿದವರು. ಅವರು ಹೇಳಿದ ಮೂರು ಸೂತ್ರಗಳು ನನಗೆ ಬಾಯಿಪಾಠವಾಗಿದ್ದವು: ಮುಂದಿನ ಬ್ರೇಕ್ ಮುಟ್ಟಬೇಡ, ಘಾಟಿ ಇಳಿಯುವಾಗ ಕ್ಲಚ್ ಹಿಡಿದುಕೋ, ತಿರುವಿನಲ್ಲಿ ಹ್ಯಾಂಡಲ್ ಮುಟ್ಟಲೇಬೇಡ, ಸೊಂಟದಲ್ಲಿ ತಿರುಗಿಸು.

ಮೂರೂ ತಪ್ಪು. ಆದರೆ ಮೂರೂ ಒಂದೇ ರೀತಿಯಲ್ಲಿ ತಪ್ಪಲ್ಲ. ಇದನ್ನು ಬಿಡಿಸಿಕೊಳ್ಳಲು ನನಗೆ ಅರ್ಧ ಆಯಸ್ಸು ಹಿಡಿಯಿತು.

ಮೊದಲನೆಯದು ತಪ್ಪೆಂದು ತೋರಿಸಿದವನು ಆಫೀಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕ ಹುಡುಗ. ಚೆನ್ನೈ ಹತ್ತಿರದ ಇರುಂಗಾಟುಕೋಟ್ಟೈ ರೇಸ್ ಟ್ರ್ಯಾಕಿಗೆ ಹೋಗಿ, ಕೀತ್ ಕೋಡ್ ಎಂಬ ಅಮೆರಿಕದ ಗುರುವಿನ ಶಾಲೆಯವರು ಅಲ್ಲಿ ನಡೆಸುತ್ತಿದ್ದ ತರಬೇತಿ ಮುಗಿಸಿ ಬಂದಿದ್ದ. ಕ್ಯಾಂಟೀನಿನಲ್ಲಿ ನಾನು ನನ್ನ ಬ್ರೇಕ್ ಸಿದ್ಧಾಂತ ಮಂಡಿಸಿದಾಗ ಅವನು ವಾದ ಮಾಡಲಿಲ್ಲ. “ನಾನು ಹೇಳಿದ್ದೂ ನಂಬಬೇಡಿ ಸರ್, ಭಾನುವಾರ ಬೆಳಿಗ್ಗೆ ಎಪಿಎಂಸಿ ಯಾರ್ಡಿಗೆ ಬನ್ನಿ” ಅಂದ. ಭಾನುವಾರ ಅಲ್ಲಿ ಹಮಾಲರಿಲ್ಲ, ಲಾರಿಗಳಿಲ್ಲ. ಚೆಲ್ಲಿದ ಜೋಳ ಹೆಕ್ಕುವ ಪಾರಿವಾಳಗಳು ಮತ್ತು ಉದ್ದನೆಯ ಕಾಂಕ್ರೀಟು. ಒಂದು ಇಟ್ಟಿಗೆಯ ಗುರುತಿಟ್ಟ. ಮೂವತ್ತರ ವೇಗದಲ್ಲಿ ಬಂದು ಇಟ್ಟಿಗೆಯ ಹತ್ತಿರ ಹಿಂದಿನ ಬ್ರೇಕ್ ಮಾತ್ರ ಒತ್ತಬೇಕು. ಒತ್ತಿದೆ. ಹಿಂದಿನ ಚಕ್ರ ಕಿರುಚಿ, ಬಾಲ ಆಡಿಸಿ ನಿಂತಿತು. ಹೆಜ್ಜೆ ಹಾಕಿ ಅಳೆದ: ಹದಿನಾಲ್ಕು. ಆಮೇಲೆ ಎರಡೂ ಬ್ರೇಕು. ಮುಂದಿನದನ್ನು ನಿಂಬೆಹಣ್ಣು ಹಿಂಡುವ ಹಾಗೆ ಮೆಲ್ಲಗೆ ಶುರುಮಾಡಿ ಬಿಗಿ ಮಾಡುತ್ತ ಹೋಗಬೇಕು. ಎಂಟು ಹೆಜ್ಜೆ.

ನಾನು ಆ ಹದಿನಾಲ್ಕು ಮತ್ತು ಎಂಟರ ನಡುವಿನ ಆರು ಹೆಜ್ಜೆಯ ಕಾಂಕ್ರೀಟನ್ನು ನೋಡುತ್ತ ನಿಂತೆ. ಇಪ್ಪತ್ತೆರಡು ವರ್ಷದಲ್ಲಿ ಆ ಆರು ಹೆಜ್ಜೆಯೊಳಗೆ ಎಷ್ಟು ಕರು, ಎಷ್ಟು ಮಕ್ಕಳು, ಎಷ್ಟು ಬಾಗಿಲು ತೆರೆದ ಆಟೋಗಳು ಬರಬಹುದಿತ್ತು! ಬ್ರೇಕ್ ಹಾಕಿದೊಡನೆ ಗಾಡಿಯ ಭಾರವೆಲ್ಲ ಮುಂದಕ್ಕೆ ಬಾಗುತ್ತದೆ, ಹಿಂದಿನ ಚಕ್ರ ಹಗುರಾಗಿ ನೆಲ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ, ಮುಂದಿನ ಚಕ್ರವೇ ನೆಲವನ್ನು ಕಚ್ಚಿ ನಿಲ್ಲಿಸಬೇಕು ಎಂದು ಆ ಹುಡುಗ ವಿವರಿಸಿದ್ದು ಆಮೇಲೆ. ಮೊದಲು ತೋರಿಸಿದ, ಆಮೇಲೆ ಹೇಳಿದ. ಈ ಅನುಕ್ರಮ ನನಗೆ ಇವತ್ತಿಗೂ ಒರೆಗಲ್ಲು. ತಾನು ಹೇಳಿದ್ದನ್ನು ಖಾಲಿ ಜಾಗದಲ್ಲಿ, ಕಡಿಮೆ ವೇಗದಲ್ಲಿ, ನನ್ನ ಕೈಯಿಂದಲೇ ಮಾಡಿಸಿ ನೋಡಲು ಒಪ್ಪದವನ ಮಾತನ್ನು ನಾನು ಕೇಳುತ್ತೇನೆ, ಕಾಫಿ ಕುಡಿಸುತ್ತೇನೆ, ಅಷ್ಟೇ.

ಹಾಗಾದರೆ ಚಿಕ್ಕಪ್ಪ ಸುಳ್ಳುಗಾರರೇ? ಅಲ್ಲ. ಅವರು ಕಲಿತದ್ದು ಜಲ್ಲಿ ಎದ್ದ ಮಣ್ಣುರಸ್ತೆಯಲ್ಲಿ, ಮೊದಲು ಸೈಕಲ್ಲು, ಆಮೇಲೆ ಡ್ರಮ್ ಬ್ರೇಕಿನ ಗಾಡಿ. ಅಲ್ಲಿ ಗಾಬರಿಯಲ್ಲಿ ಮುಂದಿನ ಬ್ರೇಕನ್ನು ಕಿವುಚಿ ಹಿಡಿದವನ ಚಕ್ರ ಲಾಕ್ ಆಗಿ, ಹ್ಯಾಂಡಲ್ ಮಡಚಿಕೊಂಡು ಮೂತಿ ಒಡೆಯುತ್ತಿತ್ತು. ‘ಕಿವುಚಬೇಡ’ ಎಂಬ ಸತ್ಯ ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ‘ಮುಟ್ಟಬೇಡ’ ಆಗಿತ್ತು.

ಎರಡನೆಯ ಸೂತ್ರದ ಕಥೆ ಇನ್ನೂ ಸೊಗಸಾಗಿದೆ. ಇಳಿಜಾರಿನಲ್ಲಿ ಕ್ಲಚ್ ಹಿಡಿ ಎಂಬುದನ್ನು ನಾನು ಬಹಳ ಕಾಲ ಪೆಟ್ರೋಲಿನ ಜಿಪುಣತನ ಅಂದುಕೊಂಡಿದ್ದೆ. ಯೆಜ್ಡಿ ಟೂ ಸ್ಟ್ರೋಕ್ ಇಂಜಿನ್ನು. ಅದರ ಆಯಿಲ್ ಪೆಟ್ರೋಲಿನ ಜೊತೆಯಲ್ಲೇ ಬೆರೆತು ಒಳಗೆ ಹೋಗಬೇಕು. ಉದ್ದನೆಯ ಇಳಿಜಾರಿನಲ್ಲಿ ಗೇರಿನಲ್ಲೇ ಇಟ್ಟು ಎಕ್ಸಲರೇಟರ್ ಪೂರ್ತಿ ಬಿಟ್ಟರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಮಾತ್ರ ತೊಟ್ಟಿಕ್ಕುತ್ತದೆ, ಅದರೊಡನೆ ಆಯಿಲ್ಲೂ. ಪಿಸ್ಟನ್ನು ಒಣಗಿ ಸೀಜ್ ಆಗುವ ಭಯ. ಅಂದರೆ ಚಿಕ್ಕಪ್ಪನ ಮಾತು ಯೆಜ್ಡಿಯ ಮಟ್ಟಿಗೆ ಜಾಣತನ. ನನ್ನ ಫೋರ್ ಸ್ಟ್ರೋಕ್ ಪಲ್ಸರಿಗೆ ಅದು ಅಪಾಯ. ಅದರ ಆಯಿಲ್ ಬೇರೆಯೇ ಇರುತ್ತದೆ, ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಕ್ಲಚ್ ಹಿಡಿದರೆ ಆ ಆಸರೆಯೂ ಹೋಗಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಗಾಡಿ ಬದಲಾಯಿತು, ಮಾತು ಬದಲಾಗಲಿಲ್ಲ. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ‘ಏನಾದರೂ ಅಡ್ಡ ಬಂದರೆ ಎಡಗಾಲು ಒತ್ತು’ ಎಂದು ಯಾವುದೋ ಮಾವ ಕಲಿಸಿದ್ದನ್ನು ಇವತ್ತಿನ ಬೈಕಿನಲ್ಲಿ ಪಾಲಿಸಿದರೆ ಗೇರ್ ಬೀಳುತ್ತದೆ, ಗಾಡಿ ನಿಲ್ಲುವುದಿಲ್ಲ. ಔಷಧದ ಡಬ್ಬಿಯ ಮೇಲೆ ಅವಧಿ ಮುಗಿಯುವ ತಾರೀಖು ಹಾಕುತ್ತಾರೆ. ಉಪದೇಶದ ಮೇಲೂ ಒಂದಿದ್ದಿದ್ದರೆ!

ಮೂರನೆಯದು ನಿಜವಾದ ಒಗಟು. ಸೊಂಟದಲ್ಲಿ ತಿರುಗಿಸು ಎಂದು ಚಿಕ್ಕಪ್ಪ ಪ್ರಾಮಾಣಿಕವಾಗಿಯೇ ಹೇಳುತ್ತಿದ್ದರು, ಮತ್ತು ಸೊಗಸಾಗಿ ತಿರುಗಿಸುತ್ತಿದ್ದರು. ಆದರೆ ಅವರು ಮಾಡುತ್ತಿದ್ದುದು ಅದಲ್ಲ. ವೇಗದಲ್ಲಿರುವ ಬೈಕು ಎಡಕ್ಕೆ ವಾಲಬೇಕಾದರೆ ಎಡಗೈ ಹಿಡಿಯನ್ನು ಚೂರು ಮುಂದಕ್ಕೆ ಒತ್ತಬೇಕು. ಅಂದರೆ ಚಕ್ರ ಕ್ಷಣಕಾಲ ಬಲಕ್ಕೆ ತಿರುಗಬೇಕು, ಆಗ ಗಾಡಿ ಎಡಕ್ಕೆ ವಾಲುತ್ತದೆ. ಸೈಕಲ್ ಅಂಗಡಿ ನಡೆಸುತ್ತಿದ್ದ, ಮುಂದೆ ವಿಮಾನ ಹಾರಿಸಿದ ವಿಲ್ಬರ್ ರೈಟ್ ಇದನ್ನು ನೂರು ವರ್ಷಕ್ಕೂ ಹಿಂದೆ ಗಮನಿಸಿದ್ದ. ಎಡಕ್ಕೆ ಹೇಗೆ ತಿರುಗುತ್ತೀರಿ ಎಂದು ಹತ್ತಾರು ಸೈಕಲ್ ಸವಾರರನ್ನು ಕೇಳಿದನಂತೆ. ಕೇಳಿದ ಕೂಡಲೇ ಪೂರ್ತಿ ಸರಿಯಾಗಿ ಹೇಳಿದವನು ಒಬ್ಬನೂ ಇರಲಿಲ್ಲ. ಎಲ್ಲರಿಗೂ ತಿರುಗಲು ಬರುತ್ತಿತ್ತು, ಹೇಳಲು ಬರುತ್ತಿರಲಿಲ್ಲ. ಕೀತ್ ಕೋಡ್ ಇದನ್ನೇ ಗಾಡಿಯಲ್ಲಿ ತೋರಿಸಿದ: ಬೈಕಿನ ಚೌಕಟ್ಟಿಗೆ ಇನ್ನೊಂದು ಹ್ಯಾಂಡಲನ್ನು ಅಲುಗಾಡದಂತೆ ಬಿಗಿದು, ಎಕ್ಸಲರೇಟರನ್ನೂ ಅದಕ್ಕೆ ಕೊಟ್ಟು, ‘ಇದನ್ನು ಹಿಡಿದು ಬರೀ ಮೈಯಿಂದ ತಿರುಗಿಸಿ’ ಎಂದು ಶಿಷ್ಯರಿಗೆ ಬಿಡುತ್ತಿದ್ದ. ಸೊಂಟದ ಪಂಡಿತರೆಲ್ಲ ಮೇಲೆ ಕೂತು ತಿಣುಕಾಡಿದರೂ ಗಾಡಿ ಒಂದಿಷ್ಟು ಓಲಾಡಿ ಹೆಚ್ಚು ಕಡಿಮೆ ನೆಟ್ಟಗೇ ಹೋಗುತ್ತಿತ್ತು.

ಒಳ್ಳೆಯ ಸವಾರನೇ ಒಳ್ಳೆಯ ಗುರು ಎಂಬ ನನ್ನ ನಂಬಿಕೆ ಸಡಿಲಾದದ್ದು ಇಲ್ಲಿ. ಚಿಕ್ಕಪ್ಪನ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಬಹುಪಾಲು ಜನ ಅಣ್ಣನಿಂದ, ಗೆಳೆಯನಿಂದ, ಪಕ್ಕದ ಮನೆಯವನಿಂದ ಕಲಿಯುವುದು. ನಮ್ಮಲ್ಲಿ ಮಾತ್ರವಲ್ಲ, ಲಾಸ್ ಏಂಜಲಿಸ್ ಸುತ್ತ ಒಂಬೈನೂರು ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ ಹ್ಯಾರಿ ಹರ್ಟ್ ತಂಡ 1981ರಲ್ಲಿ ವರದಿ ಕೊಟ್ಟಾಗ, ಬಿದ್ದವರಲ್ಲಿ ನೂರಕ್ಕೆ 92 ಮಂದಿ ತಾವೇ ಕಲಿತವರು ಅಥವಾ ನೆಂಟರಿಷ್ಟರಿಂದ ಕಲಿತವರು. ಅವರೂ ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಮುಂದಿನದನ್ನು ಸಾಲದಷ್ಟು ಬಳಸಿದ್ದರು. ಅಮೆರಿಕದಲ್ಲೂ ಒಬ್ಬ ಚಿಕ್ಕಪ್ಪ ಇದ್ದಿರಬೇಕು.

ಲೈಸೆನ್ಸಿನ ಮಾತು ಎತ್ತದಿರುವುದೇ ಒಳ್ಳೆಯದು. ಎಂಟು ಹಾಕಿದೆ, ಕಾಲು ಊರಲಿಲ್ಲ, ಪಾಸು. ನಿಲ್ಲಿಸಲು ಬರುತ್ತದೆಯೇ ಎಂದು ಅವತ್ತು ಯಾರೂ ನನ್ನನ್ನು ಕೇಳಲಿಲ್ಲ.

ಇನ್ನೊಂದು ಜಾತಿಯ ಉಪದೇಶಕರಿದ್ದಾರೆ, ಟೀ ಅಂಗಡಿಯ ವೀರರು. “ಲಾರಿ ಅಡ್ಡ ಬಂತು, ಬೇಕಂತಲೇ ಗಾಡಿ ಮಲಗಿಸಿಬಿಟ್ಟೆ, ಇಲ್ಲಾಂದ್ರೆ ಕಥೆ ಮುಗೀತಿತ್ತು” ಎನ್ನುತ್ತಾರೆ. ರಸ್ತೆಗೆ ಅಂಟಿಕೊಳ್ಳುವ ಟಯರನ್ನು ಬಿಟ್ಟು ಜಾರುವ ಕಬ್ಬಿಣದ ಮೇಲೆ ನಿಲ್ಲಿಸುತ್ತೇನೆಂದು ಯಾರು ಯೋಜನೆ ಹಾಕುತ್ತಾರೆ? ಅವರು ಬಿದ್ದರು. ಬಿದ್ದದ್ದಕ್ಕೆ ಆಮೇಲೆ ಹೆಸರಿಟ್ಟರು. ಬಿದ್ದೆ ಎಂದು ಸರಳವಾಗಿ ಹೇಳಿ, ಏಕೆ ಬಿದ್ದೆ ಎಂದು ವಿವರಿಸುವವನು ಸಿಕ್ಕರೆ ಅವನಿಗೆ ಇನ್ನೊಂದು ಟೀ ಹೇಳುವುದು ನನ್ನ ರೂಢಿ.

ನಾನು ಕಂಡ ಅತ್ಯುತ್ತಮ ಗುರು ಬೈಕಿನವರೇ ಅಲ್ಲ. ಮಗಳಿಗೆ ಸ್ಕೂಟರ್ ಕಲಿಸಲು ಮನೆ ಹತ್ತಿರ ಬರುತ್ತಿದ್ದ, ನಲವತ್ತು ದಾಟಿದ ಒಬ್ಬ ಮೇಡಂ. ಮೂರು ದಶಕದ ಅನುಭವದ ಗತ್ತಿನಲ್ಲಿ ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಅವರು ಇಂಜಿನ್ ಶುರು ಮಾಡಿಸಲೇ ಇಲ್ಲ. ಮೊದಲ ದಿನ ಪೂರ್ತಿ ಮಗಳಿಂದ ಗಾಡಿ ತಳ್ಳಿಸಿದರು. ತಳ್ಳು, ಬ್ರೇಕ್ ಹಿಡಿ, ಮತ್ತೆ ತಳ್ಳು. ನಡುವೆ ನಾನು ಬಾಯಿ ಹಾಕಿ, “ಕೂಸೇ, ಗುಂಡಿ ಬಂದ್ರೆ ಗುಂಡಿ ನೋಡ್ಕೊಂಡು ಓಡಿಸ್ಬೇಕು” ಅಂದೆ. ಮೇಡಂ ನಗುತ್ತಲೇ, “ಗುಂಡಿ ನೋಡಿದ್ರೆ ಗಾಡಿ ಗುಂಡಿಗೇ ಹೋಗತ್ತೆ ಸರ್, ಪಕ್ಕದ ಒಳ್ಳೆ ರಸ್ತೆ ನೋಡ್ಬೇಕು. ನೀವು ಸ್ವಲ್ಪ ಆ ಮರದ ಕೆಳಗೆ ನಿಲ್ತೀರಾ?” ಅಂದರು. ನಿಂತೆ.

ಮರದ ಕೆಳಗಿನಿಂದ ಅವರನ್ನು ಚೆನ್ನಾಗಿ ಗಮನಿಸಲು ಸಾಧ್ಯವಾಯಿತು. ಹತ್ತು ತಪ್ಪು ಕಂಡರೂ ಒಂದನ್ನೇ ಹೇಳುತ್ತಿದ್ದರು. ಪಕ್ಕದ ಮನೆಯಾಕೆ ಬಂದು ತನ್ನ ಸ್ಕೂಟರಿಗೆ ಯಾವ ಬ್ರೇಕ್ ಹಿಡಿಯಬೇಕೆಂದು ಕೇಳಿದಾಗ ಅವರು ಉತ್ತರ ಕೊಡಲಿಲ್ಲ, “ಯಾವ ವರ್ಷದ್ದು? ಎಡಗಡೆ ಹಿಡಿದ್ರೆ ಎರಡೂ ಚಕ್ರಕ್ಕೆ ಬೀಳತ್ತಾ?” ಎಂದು ಮರುಪ್ರಶ್ನೆ ಹಾಕಿದರು. 2019ರಿಂದ ಹೊಸ ಗಾಡಿಗಳಲ್ಲಿ, ಸಣ್ಣವಕ್ಕೆ ಜೋಡಿ ಬ್ರೇಕಿನ ಏರ್ಪಾಡಾದರೂ ಇರಬೇಕು, 125 ಸಿಸಿ ದಾಟಿದವಕ್ಕೆ ಎಬಿಎಸ್ ಇರಬೇಕು ಎಂಬ ನಿಯಮ ಬಂದಿದೆಯಲ್ಲ, ಅದಕ್ಕೆ ಆ ಪ್ರಶ್ನೆ. ಕೊನೆಯ ದಿನ ನಾನು ಸ್ವಲ್ಪ ತಗ್ಗಿದ ದನಿಯಲ್ಲಿ ನನ್ನ ಬೈಕಿನ ಗೇರಿನ ಬಗ್ಗೆ ಏನೋ ಕೇಳಿದೆ. “ಗೇರ್ ಗಾಡಿ ನಾನು ಓಡಿಸಿಲ್ಲ ಸರ್, ಅದರದ್ದು ನಂಗೆ ಹೇಳಕ್ಕೆ ಬರಲ್ಲ” ಅಂದರು. ಈ ವಾಕ್ಯವನ್ನು ಯಾವ ಬೈಕ್ ಪಂಡಿತನ ಬಾಯಲ್ಲೂ ನಾನು ಕೇಳಿರಲಿಲ್ಲ. ಅವರು ಹೇಳಿದ ಉಳಿದದ್ದೆಲ್ಲದರ ಮೇಲೂ ಆ ಕ್ಷಣದಲ್ಲಿ ನಂಬಿಕೆ ಕೂತಿತು.

ಕಳೆದ ಶ್ರಾವಣದಲ್ಲಿ ಉಡುಪಿಯ ಒಂದು ಮದುವೆಗೆ ಹೋಗಬೇಕಿತ್ತು. ಚಿಕ್ಕಪ್ಪನಿಗೆ ಈಗ ಎಪ್ಪತ್ತಾರು. ಬಸ್ಸು ಬೇಡ, ನಿನ್ನ ಹಿಂದೆ ಕೂರುತ್ತೇನೆ ಎಂದು ಹಠ ಹಿಡಿದರು. ಆಗುಂಬೆಯಲ್ಲಿ ಮಳೆ ನಿಂತು ಮಂಜು ಕೂತಿತ್ತು. ರಸ್ತೆಯ ಅಂಚಿನಲ್ಲಿ ಪಾಚಿ, ನಡುವೆ ಮಿನಿ ಬಸ್ಸುಗಳ ಚಕ್ರ ಒರೆಸಿದ ಕಪ್ಪು ಪಟ್ಟೆ. ಸೆಕೆಂಡ್ ಗೇರಿನಲ್ಲಿ ಇಳಿಸತೊಡಗಿದೆ. ಎರಡನೆಯ ತಿರುವಿನಲ್ಲಿ ಹೆಗಲ ಮೇಲೆ ಕೈ ಬಿತ್ತು. “ಕ್ಲಚ್ ಹಿಡಿ ಮಾರಾಯ, ಸೀಜ್ ಆಗತ್ತೆ!”

“ಹೂಂ” ಅಂದೆ. ಹಿಡಿಯಲಿಲ್ಲ.

ಐದನೆಯ ತಿರುವಿನ ಹತ್ತಿರ ಅವರು, “ಕಾಣೋಷ್ಟು ದೂರದೊಳಗೆ ನಿಲ್ಸೋ ಹಾಗಿರ್ಲಿ” ಎಂದರು. ಇದನ್ನು 1990ರಲ್ಲೂ ಹೇಳಿದ್ದರು. ನಾನು ಆಗ ಮೂರು ಸೂತ್ರಗಳನ್ನು ಬಾಯಿಪಾಠ ಮಾಡುವ ಭರದಲ್ಲಿ ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ವೇಗ ತಗ್ಗಿಸಿದೆ. ಮುಂದಿನ ತಿರುವಿನ ಮಂಜಿನೊಳಗೆ ರಸ್ತೆಯ ನಟ್ಟನಡುವೆ ಒಂದು ಕಾರು ನಿಂತಿತ್ತು, ಪಕ್ಕದಲ್ಲಿ ಫೋಟೊ ತೆಗೆಸಿಕೊಳ್ಳುವ ಸಂಸಾರ. ಹಿಂಡಿ ಹಿಡಿದೆ. ಮುಂದಿನ ಫೋರ್ಕು ಕುಗ್ಗಿ, ಗಾಡಿ ಬಾಗಿ ನಮಸ್ಕಾರ ಮಾಡಿದ ಹಾಗೆ ಮಾಡಿ ನೆಟ್ಟಗೆ ನಿಂತಿತು.

ಸೋಮೇಶ್ವರ ಮುಟ್ಟುವವರೆಗೆ ಚಿಕ್ಕಪ್ಪ ಒಂದು ಮಾತೂ ಆಡಲಿಲ್ಲ. ಹೋಟೆಲಿನ ಮುಂದೆ ಇಳಿದು ಪಂಚೆ ಸರಿಮಾಡಿಕೊಂಡು, “ಮುಂದಿನದು ಹಿಡಿದೆ ಅಲ್ವನಾ?” ಅಂದರು.

“ಹೌದು ಚಿಕ್ಕಪ್ಪ.”

“ಗೊತ್ತಾಯ್ತು. ಮೂತಿ ಬಗ್ಗಿತು.” ಸ್ವಲ್ಪ ಹೊತ್ತು ಗಾಡಿಯನ್ನೇ ನೋಡಿದರು. “ಬೀಳ್ಲಿಲ್ಲ ಅಲ್ದಾ.”

ನಾನು ಕಾಫಿ ಹೇಳಿ ಬರುವಷ್ಟರಲ್ಲಿ ಅವರು ನಿಂತ ಬೈಕಿನ ಬಲಗಡೆಯ ಲಿವರನ್ನು ಒತ್ತುವುದು, ಬಿಡುವುದು ಮಾಡುತ್ತಿದ್ದರು. ಮೊದಲು ನಾಲ್ಕೂ ಬೆರಳು, ಆಮೇಲೆ ಮೂರು. ನನ್ನ ಕಡೆ ತಿರುಗದೆಯೇ ಕೇಳಿದರು:

“ನೀ ಎಷ್ಟು ಬೆರಳು ಹಾಕ್ತೀಯ?”